ಸಾಕ್ಷಿಯ ಅಧಿಕಾರ ಮತ್ತು ಅದರ ಮೇರೆ

ಕಣ್ಣಾರೆ ಕಂಡವನ ಮಾತು ಎಷ್ಟರಮಟ್ಟಿಗೆ ಪ್ರಮಾಣ ಎಂಬ ಪ್ರಶ್ನೆಗೆ ನ್ಯಾಯದರ್ಶನದ ಉತ್ತರ ಉದಾರವಾದದ್ದು. ವಿಷಯವನ್ನು ನೇರವಾಗಿ ಅರಿತು, ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ನುಡಿಯುವವನು ಆಪ್ತ, ಅಂದರೆ ನಂಬಲು ಅರ್ಹನಾದವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ಭಾಷ್ಯಕಾರ ವಾತ್ಸ್ಯಾಯನ ವಿವರಿಸುತ್ತಾನೆ. ಪತ್ರಕರ್ತರಾಗಿದ್ದು ಇತಿಹಾಸಕಾರರಾದ ಅಮೆರಿಕದ ವಿಲಿಯಂ ಶೈರರ್ (1904–1993) ಅವರನ್ನು ಈ ಅರ್ಥದಲ್ಲಿ ಆಪ್ತರೆಂದು ಕರೆಯಲು ಸಂಕೋಚಪಡಬೇಕಾಗಿಲ್ಲ.

1934ರಲ್ಲಿ ಬರ್ಲಿನ್ನಿಗೆ ಹೋದ ಅವರು 1940ರ ಡಿಸೆಂಬರಿನಲ್ಲಿ ಜರ್ಮನಿಯನ್ನು ಬಿಡುವವರೆಗೆ ನಾಜಿ ಆಳ್ವಿಕೆಯನ್ನು ಹತ್ತಿರದಿಂದ ಕಂಡವರು. ಫ್ರಾನ್ಸ್ ಸೋತಾಗ, 1940ರ ಜೂನ್ 21ರಂದು, ಕಾಂಪಿಯೇನ್ ಕಾಡಿನ ಬಯಲಿನಲ್ಲಿ ನಿಂತು, 1918ರ ಜರ್ಮನ್ ಸೋಲನ್ನು ಸಾರುವ ಶಿಲಾಶಾಸನವನ್ನು ಓದುತ್ತಿದ್ದ ಹಿಟ್ಲರನ ಮುಖದಲ್ಲಿ ತಿರಸ್ಕಾರ, ಸೇಡು, ವಿಜಯೋನ್ಮಾದಗಳು ಮೂಡಿದ್ದನ್ನು ಅವರು ದುರ್ಬೀನಿನಿಂದ ನೋಡಿ ದಾಖಲಿಸಿದರು. ರೇಡಿಯೊ ವೃತ್ತಿ ಕೈತಪ್ಪಿದ ಮೇಲೆ, ವಶಪಡಿಸಿಕೊಂಡ ಜರ್ಮನ್ ಕಡತಗಳನ್ನೂ ಜನರಲ್ ಹಾಲ್ಡರನ ದಿನಚರಿಯಂಥ ಬರಹಗಳನ್ನೂ ಶೋಧಿಸಿ, 1960ರಲ್ಲಿ ಅವರು ಪ್ರಕಟಿಸಿದ ಮೂರನೆಯ ರೈಕಿನ, ಅಂದರೆ ನಾಜಿ ಜರ್ಮನಿಯ, ಏಳುಬೀಳಿನ ಬೃಹತ್ ಇತಿಹಾಸವು ಲಕ್ಷಾಂತರ ಓದುಗರನ್ನು ತಲುಪಿತು.

ತೊಡಕು ಹುಟ್ಟುವುದು ಕಂಡದ್ದರ ಕಾರಣವನ್ನು ಹೇಳುವಲ್ಲಿ. ಹದಿನಾರನೆಯ ಶತಮಾನದ ಧರ್ಮಸುಧಾರಕ ಮಾರ್ಟಿನ್ ಲೂಥರನಿಂದ ಹಿಟ್ಲರನವರೆಗೆ, ಅಧಿಕಾರಕ್ಕೆ ತಲೆಬಾಗುವ ಒಂದೇ ಪ್ರವೃತ್ತಿ ಜರ್ಮನ್ ಚರಿತ್ರೆಯಲ್ಲಿ ಹರಿದುಬಂದಿದೆ ಎಂಬುದು ಶೈರರ್ ಅವರ ನಿಲುವು. ಯೆಹೂದ್ಯರ ವಿರುದ್ಧ ಲೂಥರ್ 1543ರಲ್ಲಿ ಬರೆದ ಕ್ರೂರ ಹೊತ್ತಗೆ ನಿಜವಾದದ್ದೇ, ಅದನ್ನು ಮರೆಮಾಚಲಾಗದು. ಆದರೆ ಇಲ್ಲಿ ಲೇಖಕರು ಪ್ರತ್ಯಕ್ಷವನ್ನು ದಾಟಿ ಅನುಮಾನಕ್ಕೆ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸಿ ಸಾಧಿಸುವ ಕ್ರಮಕ್ಕೆ, ಕಾಲಿಟ್ಟಿದ್ದಾರೆ. ಅನುಮಾನಕ್ಕೆ ವ್ಯಾಪ್ತಿ, ಎಂದರೆ ಗುರುತಾಗಿ ತೋರಿಸುವ ಹೇತು ಇದ್ದಲ್ಲೆಲ್ಲ ಸಾಧಿಸಬೇಕಾದ ಸಾಧ್ಯವೂ ಇದ್ದೇ ಇರುವ ತಪ್ಪದ ಸಂಬಂಧ, ಬೇಕಾಗುತ್ತದೆ, ಮತ್ತು ಬರ್ಲಿನ್ನಿನಲ್ಲಿ ಕಳೆದ ವರ್ಷಗಳು ಅದನ್ನು ಒದಗಿಸಲಾರವು.

ಧರ್ಮಜಿಜ್ಞಾಸೆಯ ದೃಷ್ಟಿಯಿಂದ ಇದಕ್ಕಿಂತ ಗಂಭೀರವಾದದ್ದು ಹೊಣೆಯ ಪ್ರಶ್ನೆ. ನಾಲ್ಕು ಶತಮಾನಗಳ ಹಿಂದಿನ ಬೋಧನೆಯೇ ಒಂದು ಜನಾಂಗದ ನಡತೆಯನ್ನು ಕಟ್ಟಿಹಾಕಿತ್ತೆಂದಾದರೆ, ಕೊಲೆಗಾರನು ಆಯ್ಕೆಯಿಲ್ಲದವನಾಗಿ ಪಾಪದಿಂದ ಪಾರಾಗುತ್ತಾನೆ; ನಾಜಿ ನಾಯಕರ ನ್ಯೂರೆಂಬರ್ಗ್ ವಿಚಾರಣೆಯನ್ನು ವರದಿ ಮಾಡಿದ ಶೈರರ್ ಅವರು ಇದನ್ನು ಒಪ್ಪುವವರಲ್ಲ, ಅವರ ಪುಟಪುಟದಲ್ಲೂ ವ್ಯಕ್ತಿಗಳ ಮೇಲಿನ ದೋಷಾರೋಪ ಸ್ಪಷ್ಟವಾಗಿದೆ. ಆ ಬೋಧನೆ ಎಲ್ಲರನ್ನೂ ಕಟ್ಟಿಹಾಕಲಿಲ್ಲ ಎಂಬುದಕ್ಕೆ ಸಾಕ್ಷಿಯೂ ಇದೆ: ಲೂಥರನ ಪಂಥದ ಪಾದ್ರಿಯೇ ಆದ ಮಾರ್ಟಿನ್ ನೀಮೊಲರ್ ಪ್ರಭುತ್ವವನ್ನು ಎದುರಿಸಿ 1937ರಲ್ಲಿ ಸೆರೆಯಾದದ್ದನ್ನು ಅದೇ ಗ್ರಂಥ ವಿವರಿಸುತ್ತದೆ, ಮತ್ತು ಅದೇ ಪಂಥದ ಡೀಟ್ರಿಶ್ ಬೊನ್‌ಹೋಫರ್ ಆ ಪ್ರಭುತ್ವವನ್ನು ವಿರೋಧಿಸಿ 1945ರ ಏಪ್ರಿಲಿನಲ್ಲಿ ನೇಣಿಗೇರಿದರು.