ವೇಗವೂ ಪರಿಚಯವೂ

ವೇಗವು ಗುಣವೊ ದೋಷವೊ ಎಂಬ ಪ್ರಶ್ನೆಗೆ ಲೋಕವು ಎರಡು ಉತ್ತರಗಳನ್ನು ಒಟ್ಟಿಗೆ ಹೇಳುತ್ತ ಬಂದಿದೆ. 'ನಿಧಾನವೇ ಪ್ರಧಾನ' ಎಂದೂ 'ಆತುರಗಾರನಿಗೆ ಬುದ್ಧಿ ಮಟ್ಟ' ಎಂದೂ ಮಕ್ಕಳಿಗೆ ಬುದ್ಧಿ ಹೇಳುವ ಹಿರಿಯರೇ, ಕೆಲಸವನ್ನು ಎಲ್ಲರಿಗಿಂತ ಬೇಗ ಮುಗಿಸಿದವನನ್ನು ಸಮರ್ಥನೆಂದು ಕೊಂಡಾಡುತ್ತಾರೆ. ಈ ಎರಡು ಮಾತುಗಳಲ್ಲಿ ಒಂದು ಸುಳ್ಳಾಗಿರಬೇಕೆಂದಿಲ್ಲ. ಅವು ಎರಡು ಬೇರೆ ಬೇರೆ ವಸ್ತುಗಳನ್ನು ಕುರಿತ ಮಾತುಗಳಾಗಿರಬಹುದು. ಆ ಭೇದವನ್ನು ತಿಳಿಯಲು ಶಾಸ್ತ್ರಗ್ರಂಥಗಳಿಗೇ ಹೋಗಬೇಕೆಂಬ ನಿಯಮವಿಲ್ಲ. ವೇಗಕ್ಕಾಗಿಯೇ ಹೆಸರಾದ ಒಂದು ಮಕ್ಕಳ ಆಟದಲ್ಲಿಯೂ ಅದು ಸ್ಪಷ್ಟವಾಗಿ ಕಾಣುತ್ತದೆ.

ಜಪಾನಿನ ಸೆಗಾ ಸಂಸ್ಥೆಯು 'ಸಾನಿಕ್ ದಿ ಹೆಜ್‌ಹಾಗ್' ಎಂಬ ವಿಡಿಯೋ ಗೇಮನ್ನು 1991ರಲ್ಲಿಯೂ ಅದರ ಎರಡನೆಯ ಭಾಗವನ್ನು 1992ರ ನವೆಂಬರ್ ತಿಂಗಳಲ್ಲಿಯೂ ಹೊರತಂದಿತು. ಈ ಎರಡನೆಯ ಭಾಗವು ಕ್ಯಾಲಿಫೋರ್ನಿಯಾದಲ್ಲಿದ್ದ ಸೆಗಾ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಜಪಾನೀಯರೂ ಅಮೆರಿಕನ್ನರೂ ಕೂಡಿ ರಚಿಸಿದ್ದು. ಯೂಜಿ ನಾಕಾ ಎಂಬುವರು ಅದರ ಪ್ರೋಗ್ರಾಮನ್ನು ಬರೆದವರಲ್ಲಿ ಪ್ರಮುಖರು. ಹಿರೋಕಾಜು ಯಾಸುಹಾರಾ ಅವರದು ಆಟದ ದಾರಿಗಳ ರಚನೆ. ಮಾಸಾತೋ ನಾಕಾಮುರಾ ಅವರದು ಸಂಗೀತ. ನೀಲಿ ಬಣ್ಣದ ಒಂದು ಪುಟ್ಟ ಮುಳ್ಳುಪ್ರಾಣಿ ಬೆಟ್ಟ, ಕಾರ್ಖಾನೆ, ಗುಹೆ, ಎಣ್ಣೆಯ ಕಡಲುಗಳನ್ನು ದಾಟಿ ಓಡುವುದು, ಹಾರುವುದು, ಹೊನ್ನಿನ ಉಂಗುರಗಳನ್ನು ಕೂಡಿಸುವುದು, ದುಷ್ಟ ವಿಜ್ಞಾನಿಯೊಬ್ಬನ ಯಂತ್ರಗಳನ್ನು ಮುರಿಯುವುದು, ಇದಿಷ್ಟೇ ಅದರ ಕಥೆ. ಅಂದು ಅದನ್ನಾಡಿದ ಮಕ್ಕಳು ಇಂದು ನಡುವಯಸ್ಸಿನವರು. ಅವರಲ್ಲಿ ಅನೇಕರು ಈ ಆಟಕ್ಕೆ ಮರಳಿ ಬರುತ್ತಿದ್ದಾರೆ. ಹಾಗೆ ಮರಳಿದವನಿಗೆ ಮೊದಲು ಹೊಳೆಯುವ ಸಂಗತಿ ವಿಚಿತ್ರವಾದುದು: ವೇಗದ ಆಟವೆಂದು ಪ್ರಸಿದ್ಧವಾದ ಇದರಲ್ಲಿ ಸುಮ್ಮನೆ ವೇಗವಾಗಿ ಓಡುವವನು ಬಹುದೂರ ಹೋಗಲಾರನು.

ಇದಕ್ಕೆ ಕಾರಣವನ್ನು ಲೆಕ್ಕದಿಂದಲೇ ತೋರಿಸಬಹುದು. ಆಟದ ಪರದೆಯ ಅಗಲ 320 ಚುಕ್ಕೆಗಳು. ಓಡುವ ಪ್ರಾಣಿಯು ಸಾಮಾನ್ಯವಾಗಿ ಪರದೆಯ ನಡುವೆಯೇ ಇರುವುದರಿಂದ ಅದರ ಮುಂದೆ ಕಾಣುವ ದಾರಿ ಸುಮಾರು 160 ಚುಕ್ಕೆಗಳಷ್ಟು. ಸಮನೆಲದಲ್ಲಿ ಅದರ ಪೂರ್ಣ ಓಟವು ಒಂದೊಂದು ಚಿತ್ರಕ್ಕೆ 6 ಚುಕ್ಕೆ. ಜಪಾನ್ ಅಮೆರಿಕಗಳ ಯಂತ್ರಗಳಲ್ಲಿ ಸೆಕೆಂಡಿಗೆ 60 ಚಿತ್ರಗಳು ಮೂಡುವುದರಿಂದ ಸೆಕೆಂಡಿಗೆ 360 ಚುಕ್ಕೆಗಳಾದುವು. ಎಂದರೆ, ಪರದೆಯ ಅಂಚಿನಲ್ಲಿ ಮುಳ್ಳೊಂದು ಕಾಣಿಸಿಕೊಂಡ ಮೇಲೆ ಅದನ್ನು ಮುಟ್ಟುವುದಕ್ಕೆ ಅರ್ಧ ಸೆಕೆಂಡೂ ಇರುವುದಿಲ್ಲ. ಇಳಿಜಾರಿನಲ್ಲಿ ಅವಕಾಶವು ಇನ್ನೂ ಕಡಮೆ. ಅಷ್ಟರಲ್ಲಿ ಕಣ್ಣು ಕಂಡು, ಮನಸ್ಸು ನಿಶ್ಚಯಿಸಿ, ಬೆರಳು ಗುಂಡಿಯನ್ನೊತ್ತಬೇಕು. ಆದುದರಿಂದ ಪೂರ್ಣ ವೇಗದಲ್ಲಿ ಹೋಗುವವನು ಕಣ್ಣನ್ನೊಂದನ್ನೇ ನೆಚ್ಚಲಾರನು. ಅವನನ್ನು ನಡೆಸುವುದು ನೆನಪು. ಹಿಂದೆ ಅನೇಕ ಸಲ ನಿಧಾನವಾಗಿ ಬಂದು, ಎಡವಿ, ಬಿದ್ದು, ದಾರಿಯನ್ನು ಒಳಗು ಮಾಡಿಕೊಂಡವನಿಗೆ ಮಾತ್ರ ಇಲ್ಲಿ ಓಡುವ ಅಧಿಕಾರ.

ಹೀಗೆಂದರೆ ಒಂದು ಆಕ್ಷೇಪವೇಳುತ್ತದೆ. ದಾರಿಯನ್ನು ಬಾಯಿಪಾಠ ಮಾಡಿ ಓಡುವುದರಲ್ಲಿ ಏನು ಹೆಚ್ಚಳ? ಅದು ಗಿಳಿಪಾಠವಲ್ಲವೆ? ಯಂತ್ರವೂ ಅದನ್ನು ಮಾಡೀತಲ್ಲವೆ? ಆಕ್ಷೇಪವು ತಳ್ಳಿಹಾಕತಕ್ಕುದಲ್ಲ. ಆದರೆ ಈ ಆಟದ ದಾರಿ ಒಂದೇ ಎಳೆಯದಲ್ಲ. ಹಲವು ವಲಯಗಳಲ್ಲಿ ಮೇಲೊಂದು ದಾರಿ, ಕೆಳಗೊಂದು ದಾರಿ ಉಂಟು. ಮೇಲಿನದು ಬೇಗ ಸಾಗಿಸುವುದು, ಆದರೆ ಕುಶಲತೆಯನ್ನು ಬೇಡುವುದು. ಅಲ್ಲಿ ತಪ್ಪಿದವನು ಬಹುಮಟ್ಟಿಗೆ ಸಾಯುವುದಿಲ್ಲ, ಕೆಳಗಿನ ತೊಡಕು ದಾರಿಗೆ ಬೀಳುತ್ತಾನೆ. ಗಿಳಿಪಾಠದವನು ಅಲ್ಲಿಗೆ ಕಂಗೆಡುವನು. ಪರಿಚಯವುಳ್ಳವನು ಬಿದ್ದ ಜಾಗವನ್ನೂ ಬಲ್ಲನು, ಅಲ್ಲಿಂದ ಮೇಲೇರುವ ಬಗೆಯನ್ನೂ ಬಲ್ಲನು. ಸಂಗೀತ ಕಲಿಯುವ ಮಗುವಿಗೆ ಸರಳೆ ವರಸೆಯನ್ನು ಮೊದಲನೆಯ ಕಾಲದಲ್ಲಿ ಹಾಡಿಸಿ, ಆಮೇಲೆ ಎರಡನೆಯ, ಮೂರನೆಯ ಕಾಲಗಳಿಗೆ ಕರೆದೊಯ್ಯುವುದು ಇದೇ ಅಭಿಪ್ರಾಯದಿಂದ. ಮೂರನೆಯ ಕಾಲದ ವೇಗದೊಳಗೆ ಮೊದಲನೆಯ ಕಾಲದ ನಿಧಾನವು ಅಡಗಿರುತ್ತದೆ. ಅದು ಅಡಗಿರದ ವೇಗಕ್ಕೆ ಆತುರವೆಂದು ಹೆಸರು.

ಆತುರಕ್ಕೂ ವೇಗಕ್ಕೂ ಇರುವ ಈ ಅಂತರವನ್ನು 'ಕೆಮಿಕಲ್ ಪ್ಲಾಂಟ್' ಎಂಬ ವಲಯದ ಎರಡನೆಯ ಅಂಕವು ಕಠೋರವಾಗಿ ಕಲಿಸುತ್ತದೆ. ಅಲ್ಲಿ ಕೆಳಗಿನಿಂದ ದ್ರವವು ಏರುತ್ತ ಬರುತ್ತದೆ. ಮೇಲೇರುವ ಮೆಟ್ಟಿಲುಗಳೊ ತಿರುಗುವ ಕಲ್ಲುಗಳು. ಹೆದರಿ ಹಾರಿದವನು ಕಲ್ಲಿನ ಅಂಚು ತಪ್ಪಿ ಬೀಳುತ್ತಾನೆ. ಕಲ್ಲು ತಿರುಗಿ ನಿಲ್ಲುವವರೆಗೆ ತಾಳಿದವನು ಮೊದಲು ಮೇಲೆ ಮುಟ್ಟುತ್ತಾನೆ. ಎರಡನೆಯ ಭಾಗದಲ್ಲಿ ಹೊಸದಾಗಿ ಬಂದ 'ಸ್ಪಿನ್ ಡ್ಯಾಶ್' ಎಂಬ ಚಮತ್ಕಾರದ ಸ್ವಾರಸ್ಯವೂ ಇದೇ. ಪ್ರಾಣಿಯು ನಿಂತಲ್ಲಿಯೇ ಕುಗ್ಗಿ, ಉಂಡೆಯಾಗಿ ಸುತ್ತಿ, ಬಲವನ್ನು ಕೂಡಿಸಿಕೊಂಡು, ಅನಂತರ ಬಾಣದಂತೆ ಹೊರಡುತ್ತದೆ. ನಿಲ್ಲಲು ಬಾರದವನಿಗೆ ಆ ಓಟವಿಲ್ಲ.

ಇಷ್ಟರಿಂದ ಪರಿಚಯಪೂರ್ವಕವಾದ ವೇಗವು ಗುಣವೆಂದು ತೀರ್ಮಾನಿಸಿಬಿಡಬಹುದೆ? ಅದು ಸಾಮರ್ಥ್ಯವೆಂಬುದು ನಿಜ. ಆದರೆ ಸಾಮರ್ಥ್ಯವೆಲ್ಲವೂ ಧರ್ಮವಲ್ಲ. ಆ ಭೇದವನ್ನು ತೋರಿಸುವುದಕ್ಕೆಂಬಂತೆ ಎರಡನೆಯ ಭಾಗದಲ್ಲಿ ಟೇಲ್ಸ್ ಎಂಬ ಎರಡು ಬಾಲದ ನರಿಮರಿಯೊಂದು ಬಂದಿದೆ. ಅದು ನಾಯಕನ ಬೆನ್ನು ಹತ್ತಿ ಓಡುತ್ತದೆ. ಅವನು ಮಾಡಿದ್ದನ್ನೇ ಕ್ಷಣಮಾತ್ರ ತಡವಾಗಿ ತಾನೂ ಮಾಡುತ್ತದೆ. ಕೊಳವೆಯಂಥ ವಿಶೇಷ ಹಂತಗಳಲ್ಲಿ ಈ ತಡದ ಫಲವು ಚೆನ್ನಾಗಿ ತಿಳಿಯುತ್ತದೆ. ನಾಯಕನು ಬಾಂಬೊಂದನ್ನು ಕೊನೆಯ ಗಳಿಗೆಯಲ್ಲಿ ತಪ್ಪಿಸಿಕೊಳ್ಳುತ್ತಾನೆ. ಹಿಂಬಾಲಿಸುವ ಮರಿಯು ಅದಕ್ಕೆ ಬಡಿದು ಉಂಗುರಗಳನ್ನು ಚೆಲ್ಲುತ್ತದೆ. ಇಬ್ಬರ ಗಳಿಕೆಯೂ ಒಟ್ಟು ಲೆಕ್ಕವಾದುದರಿಂದ ನಷ್ಟವು ಇಬ್ಬರಿಗೂ ಬರುತ್ತದೆ. ತನ್ನೊಬ್ಬನ ಮೈಯನ್ನು ಉಳಿಸಿಕೊಳ್ಳುವ ಕೌಶಲ ಇಲ್ಲಿ ಸಾಲದು. ಹಿಂದೆ ಬರುವವನು ಇನ್ನೂ ಎಲ್ಲಿದ್ದಾನೆಂಬುದನ್ನು ತಿಳಿದು, ಅವನಿಗೂ ದಾರಿ ಬಿಡುವಷ್ಟು ಮೊದಲೇ ಹೊರಳಬೇಕು. ಮುಂದಾಳು ಎನ್ನಿಸಿಕೊಂಡವನಿಗೆ, ಮನೆಯಲ್ಲಾಗಲಿ ಊರಿನಲ್ಲಾಗಲಿ, ಇದಕ್ಕಿಂತ ನೇರವಾದ ಪಾಠವು ದೊರೆಯುವುದು ಕಷ್ಟ.

ಆ ಮರಿಯನ್ನು ಮತ್ತೊಂದು ಕಂಟ್ರೋಲರಿನಿಂದ ಇನ್ನೊಬ್ಬರೂ ಆಡಿಸಬಹುದು. ಅಣ್ಣನು ನಾಯಕನಾದರೆ ತಮ್ಮನಿಗೆ ಮರಿ, ಇದು ಅನೇಕ ಮನೆಗಳ ಏರ್ಪಾಡಾಗಿತ್ತು. ಮರಿ ಸತ್ತರೆ ಆಟವು ಮುಗಿಯುವುದಿಲ್ಲ. ಅದು ಬಾಲವನ್ನು ತಿರುಗಿಸುತ್ತ ಹಾರಿ ಮರಳಿ ಬರುತ್ತದೆ. ಚಿಕ್ಕವನಿಗೆ ಭಯವಿಲ್ಲದೆ ಕಲಿಯಲು ಇದೊಂದು ದಯೆಯ ನಿಯಮ. ಆದರೆ ಪರದೆಯು ಮಾತ್ರ ಎಂದೂ ನಾಯಕನನ್ನೇ ಅನುಸರಿಸುತ್ತದೆ. ಅಣ್ಣನು ಓಡಿದರೆ ತಮ್ಮನು ಚಿತ್ರದಿಂದಲೇ ಮರೆಯಾಗುತ್ತಾನೆ. ನಿಲ್ಲಬೇಕೆಂದು ಯಾವ ನಿಯಮವೂ ಅಣ್ಣನಿಗೆ ಹೇಳುವುದಿಲ್ಲ. ನಿಂತರೆ ಯಾವ ಬಹುಮಾನವೂ ಇಲ್ಲ. ಒಂದೊಂದು ಅಂಕಕ್ಕೆ ಹತ್ತು ನಿಮಿಷಗಳ ಮಿತಿಯಿರುವುದರಿಂದಲೂ ಬೇಗ ಮುಗಿಸಿದವನಿಗೆ ಹೆಚ್ಚು ಅಂಕಗಳು ದೊರೆಯುವುದರಿಂದಲೂ ಓಡುವುದೇ ಲಾಭ. ಇಷ್ಟಾದರೂ ನಿಲ್ಲುವ ಅಣ್ಣಂದಿರು ಉಂಟು. ನಿಯಮವು ಸುಮ್ಮನಾದ ಆ ಸ್ಥಳದಲ್ಲಿಯೇ ನೀತಿಯು ಆರಂಭವಾಗುತ್ತದೆ.

ಮೊದಲ ಆವೃತ್ತಿಯಲ್ಲಿ ಆಟವನ್ನು ನಡುವೆ ಉಳಿಸಿಡುವ ಅನುಕೂಲವಿರಲಿಲ್ಲ. ಯಂತ್ರವನ್ನು ಆರಿಸಿದವನು ಮರುದಿನ 'ಎಮರಲ್ಡ್ ಹಿಲ್' ಎಂಬ ಮೊದಲ ಬೆಟ್ಟದಿಂದಲೇ ಹೊರಡಬೇಕಾಗಿತ್ತು. 2022ರಲ್ಲಿ ಬಂದ 'ಸಾನಿಕ್ ಆರಿಜಿನ್ಸ್' ಸಂಕಲನದಲ್ಲಿಯಾದರೊ ಎಷ್ಟು ಸಲ ಸತ್ತರೂ ಮುಗಿಯದಂತೆ ಆಡುವ ಒಂದು ಕ್ರಮವಿದೆ. ಬಿಡುವಿಲ್ಲದ ಗೃಹಸ್ಥನಿಗೆ ಇದು ಉಪಕಾರವೇ, ಇದನ್ನು ಹಳಿಯಬೇಕಾದುದಿಲ್ಲ. ಆದರೆ ಅನುಕೂಲವು ಕೊನೆಯನ್ನು ಮುಟ್ಟಿಸೀತೇ ಹೊರತು ಪರಿಚಯವನ್ನು ಕೊಡಲಾರದು. ಹಳೆಯ ಆಟಗಾರನ ಬೆರಳುಗಳು ಮೂವತ್ತು ವರ್ಷಗಳ ಮೇಲೆಯೂ ಮೊದಲ ಬೆಟ್ಟದ ತಿರುವುಗಳನ್ನು ಬಲ್ಲುವಾದರೆ, ಅದಕ್ಕೆ ಅಲ್ಲಿಂದ ಮತ್ತೆ ಮತ್ತೆ ಹೊರಟ ದಿನಗಳೇ ಕಾರಣ.

ಹೀಗೆ ನೋಡಿದರೆ, ಲೋಕದ ಎರಡು ಮಾತುಗಳೂ ಸರಿಯಾದುವೇ. ಅರಿಯದ ದಾರಿಯಲ್ಲಿ ಓಡುವುದು ಬುದ್ಧಿಗೇಡು. ಅರಿತ ದಾರಿಯಲ್ಲಿ ಓಡುವುದು ಸಾಮರ್ಥ್ಯ. ಅರಿತ ದಾರಿಯಲ್ಲಿ ಓಡಬಲ್ಲವನಾಗಿದ್ದೂ, ಇನ್ನೂ ಅರಿಯದವನೊಬ್ಬನು ಹಿಂದೆ ಬರುತ್ತಿದ್ದಾನೆಂದು ನಿಲ್ಲುವುದು ಈ ಎರಡಕ್ಕೂ ಮೇಲಾದುದು. ಹಳೆಯ ಆಟಕ್ಕೆ ಮರಳಿದವನ ಪಕ್ಕದಲ್ಲಿ ಇಂದು ಅವನ ಮಗುವು ಎರಡನೆಯ ಕಂಟ್ರೋಲರನ್ನು ಹಿಡಿದು ಕುಳಿತಿರಬಹುದು. ದಾರಿಯೆಲ್ಲ ಅವನಿಗೆ ಬರುತ್ತದೆ. ಮಗುವಿಗೆ ಒಂದು ತಿರುವೂ ಬಾರದು. ಆಗ ಅವನು ಹೇಗೆ ಆಡುವನೆಂಬುದರಿಂದ, ಅಷ್ಟು ವರ್ಷಗಳ ಅಭ್ಯಾಸವು ಅವನಿಗೆ ಏನನ್ನು ಕಲಿಸಿತೆಂಬುದು ತಿಳಿದುಬರುತ್ತದೆ.