ವ್ರತ ಮೊದಲೋ, ಚಿಕಿತ್ಸೆ ಮೊದಲೋ?

ಶ್ರಾವಕನು ತ್ಯಜಿಸಬೇಕಾದ ಸಪ್ತವ್ಯಸನಗಳಲ್ಲಿ ಮದ್ಯಪಾನವೂ ಒಂದು. ಈ ಮಾತು ಬಾಲ್ಯದಿಂದಲೇ ಕಿವಿಗೆ ಬಿದ್ದಿರುವ ಮನೆಯಲ್ಲಿ ಒಬ್ಬನು ಕುಡಿತಕ್ಕೆ ಬಿದ್ದರೆ, ದುಃಖಕ್ಕಿಂತ ಮೊದಲು ನಾಚಿಕೆ ಬಂದು ಬಾಗಿಲು ಮುಚ್ಚುತ್ತದೆ. ಅವನನ್ನು ಬಸದಿಗೆ ಕರೆದೊಯ್ದು, ಜಿನಬಿಂಬದ ಎದುರು ನಿಲ್ಲಿಸಿ, ಇನ್ನು ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿಸುವುದುಂಟು. ಕೆಲವೇ ದಿನಗಳಲ್ಲಿ ಪ್ರತಿಜ್ಞೆ ಮುರಿಯುತ್ತದೆ. ಅಂದಿನಿಂದ ಅವನು ವ್ಯಸನಿಯಷ್ಟೇ ಅಲ್ಲ, ವ್ರತಭ್ರಷ್ಟನೂ ಆಗುತ್ತಾನೆ.

ಆದರೆ ಆ ಕುಡಿತದ ಹಿಂದೆ ಮನೋರೋಗವೂ ಇದ್ದರೆ? ಯಾರಿಗೂ ಕೇಳದ ದನಿಗಳು ಹಗಲಿರುಳು ಬೈಯುವುದನ್ನು ಕೇಳುತ್ತಿರುವ ಯುವಕನಿಗೆ, ಕುಡಿದಾಗ ಎರಡು ಗಳಿಗೆ ಮೌನ ದೊರೆಯಬಹುದು. ಮನೆಯವರಿಗೆ ಕಾಣುವುದು ಬಾಟಲಿ, ದನಿಗಳು ಕಾಣವು. ವರ್ಷಗಟ್ಟಲೆ ಕುಡಿದುದರಿಂದಲೇ ಖಿನ್ನತೆಯೋ ಭ್ರಮೆಯೋ ಹುಟ್ಟುವುದೂ ಉಂಟು. ಯಾವುದು ಮೊದಲಾಯಿತೆಂದು ಹೇಳುವುದು ಹಲವು ವೇಳೆ ವೈದ್ಯರಿಗೂ ಕಷ್ಟ. ಒಂದು ಇನ್ನೊಂದನ್ನು ಪೋಷಿಸುತ್ತದೆ. ಅಮೆರಿಕದ ಮನೋವೈದ್ಯ ಎಡ್ವರ್ಡ್ ಖಂಟ್ಜಿಯನ್ 1985ರಲ್ಲಿ, ಅನೇಕರು ತಮ್ಮ ಅಸಹನೀಯ ವೇದನೆಯನ್ನು ತಣಿಸಿಕೊಳ್ಳಲು ಮಾದಕ ವಸ್ತುವಿಗೆ ಕೈಚಾಚುತ್ತಾರೆಂದು ಪ್ರತಿಪಾದಿಸಿದರು. ಅದು ಎಲ್ಲರಿಗೂ ಅನ್ವಯಿಸದು, ಆದರೂ "ಇವನೇಕೆ ಕೆಟ್ಟ?" ಎಂಬ ಪ್ರಶ್ನೆಯನ್ನು "ಇವನಿಗೇನು ನೋವು?" ಎಂದು ತಿರುಗಿಸುತ್ತದೆ.

ಆಸ್ಪತ್ರೆಗಳೂ ಬಹುಕಾಲ ಇದೇ ತಪ್ಪು ಮಾಡಿದವು. ಮನೋರೋಗದವರು "ಮೊದಲು ಕುಡಿತ ಬಿಟ್ಟು ಬಾ" ಎಂದರು. ವ್ಯಸನಮುಕ್ತಿ ಕೇಂದ್ರದವರು "ಮೊದಲು ಮನಸ್ಸು ಸರಿಮಾಡಿಕೊಂಡು ಬಾ" ಎಂದರು. ರೋಗಿ ಎರಡು ಬಾಗಿಲುಗಳ ನಡುವೆ ಉಳಿದ. 1980ರ ದಶಕದಿಂದೀಚೆಗೆ ಕೆನೆತ್ ಮಿಂಕಾಫ್, ರಾಬರ್ಟ್ ಡ್ರೇಕ್ ಮೊದಲಾದ ವೈದ್ಯರು, ಎರಡಕ್ಕೂ ಒಂದೇ ತಂಡದವರು ಏಕಕಾಲಕ್ಕೆ ಚಿಕಿತ್ಸೆ ನೀಡಬೇಕೆಂದು ವಾದಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವು ಮಾನಸಿಕ ಆರೋಗ್ಯ ಸಂಸ್ಥೆಯೊಳಗೇ ಇದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯೂ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮನೋರೋಗದ ವ್ಯಾಖ್ಯೆಯಲ್ಲಿ ಸೇರಿಸಿದೆ.

ಹಾಗಾದರೆ ವ್ಯಸನಕ್ಕೆ ಕ್ಷಮೆಯ ಮುದ್ರೆ ಒತ್ತಿದಂತಾಗದೇ? ಆಗದು. ಮೋಹನೀಯ ಕರ್ಮವನ್ನು ಶಾಸ್ತ್ರವು ಮದ್ಯಕ್ಕೇ ಹೋಲಿಸಿದೆ: ಅದು ಹಿತಾಹಿತ ವಿವೇಕವನ್ನು ಮಸುಕುಗೊಳಿಸುತ್ತದೆ. ವ್ರತವು ನಿಲ್ಲುವುದು ವಿವೇಕದ ಮೇಲೆ. ವಿವೇಕವೇ ರೋಗಗ್ರಸ್ತವಾಗಿರುವಾಗ ವ್ರತವನ್ನು ಮುಂಗಡವಾಗಿ ಕೇಳುವುದು, ಕಾಲು ಮುರಿದವನಿಗೆ ವಿಂಧ್ಯಗಿರಿ ಹತ್ತಿ ಬಾ, ಮೇಲೆ ಕಟ್ಟು ಕಟ್ಟುತ್ತೇವೆ ಎಂದಂತೆ. ವಿವೇಕ ಮರಳಿದಂತೆ ಹೊಣೆಯೂ ಮರಳುತ್ತದೆ.

ಇಲ್ಲಿ ಪ್ರಾಣದ ಪ್ರಶ್ನೆಯೂ ಇದೆ. ಬಹುಕಾಲ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಕೈನಡುಕ, ಫಿಟ್ಸ್ ಬರಬಹುದು. ಅನಂತರ ಸನ್ನಿ ಹಿಡಿದು ಜೀವಕ್ಕೇ ಅಪಾಯವಾಗಬಹುದು. ಆದುದರಿಂದ ಬಿಡುವ ಕಾರ್ಯ ವೈದ್ಯರ ಕಣ್ಣೆದುರಲ್ಲೇ ನಡೆಯಬೇಕು. ಮನೋವೈದ್ಯರು ಕೊಟ್ಟ ಮಾತ್ರೆಯನ್ನೂ ಅಮಲೆಂದು ಭಾವಿಸಿ ನಿಲ್ಲಿಸುವುದು ಅಜ್ಞಾನದಿಂದಾಗುವ ಹಿಂಸೆ.

ಮೆಟ್ಟಿಲು ಮೆಟ್ಟಿಲಾಗಿ ಏರುವುದು ಜೈನರಿಗೆ ಹೊಸದಲ್ಲ. ಶ್ರಾವಕನಿಗೆ ಅಣುವ್ರತಗಳಿವೆ, ಹನ್ನೊಂದು ಪ್ರತಿಮೆಗಳಿವೆ. ಚಿಕಿತ್ಸೆಯೂ ಹಾಗೆಯೇ: ಮೊದಲು ವಿಶ್ವಾಸ, ಆಮೇಲೆ ಮನವೊಲಿಕೆ, ಆಮೇಲೆ ತ್ಯಾಗ, ಕೊನೆಗೆ ಜಾರದಂತೆ ಕಾವಲು. ಜಾರಿದರೆ ಮತ್ತೆ ನಿಲ್ಲಿಸುವುದೇ ಸ್ಥಿತಿಕರಣ. ಅದು ಸಮ್ಯಕ್ತ್ವದ ಅಂಗಗಳಲ್ಲಿ ಒಂದು. ಉಪಗೂಹನವೂ ಅಂತಹ ಅಂಗವೇ. ಆದರೆ ಅದರ ಅರ್ಥ ಅನ್ಯರ ದೋಷವನ್ನು ಸಾರದಿರುವುದೇ ಹೊರತು ರೋಗವನ್ನು ವೈದ್ಯರಿಂದ ಮುಚ್ಚಿಡುವುದಲ್ಲ.

ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಎಣಿಸುವ ಸಮಾಜದ ಬಸದಿ ಸಮಿತಿಗಳು ಇಂತಹ ಒಂದು ಮನೆಗೆ ತಿಂಗಳ ಮಾತ್ರೆಯ ವೆಚ್ಚ, ಆಸ್ಪತ್ರೆಗೆ ಹೋಗಿಬರುವ ಬಸ್ಸಿನ ದರ ನೀಡಿದರೂ ಅದು ದೊಡ್ಡ ದಾನವೇ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬಸದಿಯ ಫಲಕದಲ್ಲಿ ಬರೆಯಲು ಖರ್ಚೇ ಇಲ್ಲ. ಚೇತರಿಸಿಕೊಂಡವನು ಒಂದು ದಿನ ತಾನಾಗಿಯೇ ಜಿನಬಿಂಬದ ಎದುರು ನಿಂತಾನು. ಅಂದು ಅವನು ಕೈಗೊಳ್ಳುವ ವ್ರತ ಅವನದೇ ಆಗಿರುತ್ತದೆ.