ಹೆಸರಿಲ್ಲದ ಹೊಲಿಗೆ

ದಕ್ಷಿಣ ಕೊರಿಯಾದಲ್ಲಿ ಜಿಂಜು ಎಂಬ ಊರಿದೆ. ಮೂರೂವರೆ ಲಕ್ಷದ ಆಸುಪಾಸು ಜನ. ನಮ್ಮ ಬಳ್ಳಾರಿಗಿಂತ ಚಿಕ್ಕದು. ರೇಷ್ಮೆ ನೇಯುತ್ತಾರೆ, ಮರದ ಪೆಟ್ಟಿಗೆ-ಬೀರು ಮಾಡುತ್ತಾರೆ. 2019ರಲ್ಲಿ ಯುನೆಸ್ಕೊ ಅದನ್ನು ಕರಕುಶಲ ಮತ್ತು ಜನಪದ ಕಲೆಯ ಸೃಜನಶೀಲ ನಗರಗಳ ಸಾಲಿಗೆ ಸೇರಿಸಿತು. ಅದನ್ನು ಓದಿದಾಗ ನನ್ನ ಕಿವಿಗೆ ಬಂದದ್ದು ಬಳ್ಳಾರಿಯ ಕೌಲ್ ಬಜಾರಿನ ಹೊಲಿಗೆ ಯಂತ್ರಗಳ ಸದ್ದು.

ಬಳ್ಳಾರಿ ಅಂದರೆ ಗಣಿ, ಧೂಳು, ಬಿಸಿಲು ಎಂದು ಮಾತು ಮುಗಿಸುವವರೇ ಹೆಚ್ಚು. ಊರ ಮಗ್ಗುಲಲ್ಲೇ ಇರುವ ಸಂಗನಕಲ್ಲಿನ ಹಿರೇಗುಡ್ಡ ಹತ್ತಿದವರು ಹಾಗನ್ನಲಾರರು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಅಲ್ಲಿ ಕಲ್ಲುಗೊಡಲಿಗಳ ಕಾರ್ಖಾನೆಯೇ ಇತ್ತು. ಕರಿಗಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ, ಕುಟ್ಟಿ, ಕೊನೆಗೆ ಬಂಡೆಗೆ ಉಜ್ಜಿ ನುಣುಪು ಮಾಡುತ್ತಿದ್ದರು. ಉಜ್ಜಿ ಉಜ್ಜಿ ಬಿದ್ದ ಗೀರುಗಳು ಬಂಡೆಯ ಮೇಲೆ ಈಗಲೂ ಇವೆ. ಚಕ್ಕೆಗಳ ರಾಶಿ ನೋಡಿದರೆ, ಮನೆಗೆ ಸಾಕಾಗುವಷ್ಟೇ ಮಾಡಿದ ಕೆಲಸವಲ್ಲ ಅದು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲೂ ನವಶಿಲಾಯುಗದ ನೆಲೆ ಸಿಕ್ಕಿದೆ. ಕುರುಗೋಡಿನಲ್ಲಿ ಒಂದೇ ಬಂಡೆ ದೊಡ್ಡ ಬಸವಣ್ಣನಾಗಿ ಕೂತಿದೆ. ಈ ಸೀಮೆಯ ಕೈ ಸುಮ್ಮನೆ ಕೂತದ್ದೇ ಇಲ್ಲ.

ಜೀನ್ಸ್ ಈ ಸಾಲಿನ ಕಿರಿಯ ಕೂಸು. ಬ್ರಿಟಿಷರ ದಂಡಿಗೆ ಸಮವಸ್ತ್ರ ಹೊಲಿದ ದರ್ಜಿಗಳ ಊರಿದು. ಮುಂದೆ ಡೆನಿಮ್ ಬಂತು. ಕಟಿಂಗ್ ಒಬ್ಬರದು, ಹೊಲಿಗೆ ಇನ್ನೊಬ್ಬರದು, ಕಾಜಾ ಮತ್ತೊಬ್ಬರದು, ಉಳಿದ ದಾರ ಕತ್ತರಿಸುವುದು ಮನೆಯಲ್ಲಿ ಕೂತ ಹೆಂಗಸರದು. ಎಲ್ಲವೂ ಪೀಸ್ ಲೆಕ್ಕ. ಕರೆಂಟ್ ಹೋದರೆ ಕೂಲಿಯೂ ಹೋಯಿತು. ವಾಷಿಂಗ್ ಘಟಕಗಳ ನೀಲಿ ನೀರು ಎಲ್ಲಿಗೆ ಹರಿಯುತ್ತದೆ ಎಂಬ ಪ್ರಶ್ನೆಯೂ ಇದೆ. ಅದನ್ನು ಮುಚ್ಚಿಟ್ಟು ಊರನ್ನು ಹೊಗಳುವುದು ಸರಿಯಲ್ಲ.

ಇದೇ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲೇ ಭೌಗೋಳಿಕ ಗುರುತು ಸಿಕ್ಕಿತು. ಊರ ಹೆಸರು ಬಟ್ಟೆಯ ಜೊತೆಗೇ ಹೋಗುತ್ತದೆ. ಬಳ್ಳಾರಿಯ ಪ್ಯಾಂಟಿನ ಸೊಂಟಪಟ್ಟಿಯಲ್ಲಿ ಮಾತ್ರ ಇಂಗ್ಲಿಷಿನ ಯಾವುದೋ ಠೀವಿಯ ಹೆಸರಿರುತ್ತದೆ.

ಒಮ್ಮೆ ಬೆಂಗಳೂರಿನ ಅಂಗಡಿಯೊಂದಕ್ಕೆ ಪರಿಚಯದ ಬಳ್ಳಾರಿ ಟೈಲರ್ ಜೊತೆ ಹೋಗಿದ್ದೆ. "ಬಾಂಬೆ ಮಾಲು ಸಾರ್" ಎಂದ ಅಂಗಡಿಯವ. ನನ್ನ ಗೆಳೆಯ ಪ್ಯಾಂಟನ್ನು ಒಳಮಗ್ಗುಲಾಗಿ ತಿರುವಿ, ಜೇಬಿನ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದ. ಅಂಗಡಿಯವನಿಗೆ ಏನೂ ಹೇಳಲಿಲ್ಲ. ಹೊರಗೆ ಬಂದ ಮೇಲೆ ಮೆಲ್ಲಗೆ ಅಂದ: "ನಮ್ಮ ಓಣೀದ ಐತ್ರಿ ಅದು."